ಬೀದಿಯ ಬೆಕ್ಕಿಗೆ, ಸಾಕಲಾಗದ ಬೆಕ್ಕಿಗೆ ಒಳ್ಳೆಯ ಮನೆ ಹುಡುಕುವುದು ಹೇಗೆ?

ಬೆಕ್ಕಿನ ಮರಿಗಳನ್ನು ಗೋಣಿಚೀಲಕ್ಕೆ ಹಾಕಿ ಮೀನು ಮಾರ್ಕೆಟ್ ಹತ್ತಿರವೋ ಹೋಟೆಲ್ ಹಿಂದೆಯೋ ಬಿಟ್ಟು ಬರುವುದು ನಮ್ಮ ಕಡೆ ಇನ್ನೂ ನಡೆಯುತ್ತಿದೆ. "ಅಲ್ಲಿ ತಿನ್ನೋಕೆ ಸಿಗುತ್ತೆ, ಹೇಗೋ ಬದುಕಿಕೊಳ್ಳುತ್ತೆ" ಅಂತ ಸಮಾಧಾನ ಹೇಳಿಕೊಳ್ಳುತ್ತಾರೆ. ಆದರೆ ಅಲ್ಲಿ ಆಗಲೇ ಇರುವ ಬೆಕ್ಕುಗಳು ಹೊಸದನ್ನು ಹತ್ತಿರ ಸೇರಿಸುವುದಿಲ್ಲ, ನಾಯಿಗಳು ಬಿಡುವುದಿಲ್ಲ. ತಟ್ಟೆಯಲ್ಲಿ ಹಾಕಿದ್ದನ್ನು ತಿಂದು ಬೆಳೆದ ಬೆಕ್ಕಿಗೆ ಹಸಿವಾದಾಗ ಏನು ಮಾಡಬೇಕು ಅಂತಲೇ ಗೊತ್ತಾಗುವುದಿಲ್ಲ. ಕಾನೂನಿನ ಪ್ರಕಾರವೂ ಇದು ತಪ್ಪು. ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಅಡಿ ಅಪರಾಧ.

ಒಳ್ಳೆಯ ಮನೆ ಹುಡುಕುವುದಕ್ಕೆ ದುಡ್ಡಿಗಿಂತ ಜಾಸ್ತಿ ಬೇಕಾಗುವುದು ಸಮಯ. ಕೆಲವು ವಾರವಾದರೂ ಬೆಕ್ಕನ್ನು ನಿಮ್ಮಲ್ಲೇ ಇಟ್ಟುಕೊಳ್ಳಲು ತಯಾರಿರಿ. ನಾಳೆಯೇ ಹೋಗಬೇಕು ಅಂತ ಅವಸರ ಮಾಡಿದರೆ, ಮೊದಲು ಕೇಳಿದವರ ಕೈಗೆ ಕೊಟ್ಟು ಕಳಿಸುತ್ತೀರಿ. ಆಮೇಲೆ ಅದೇ ಬೆಕ್ಕು ಇನ್ನೊಂದು ಬೀದಿಯಲ್ಲಿ ಸಿಗುತ್ತದೆ. ನಾನು ಬೆಂಗಳೂರಿನಲ್ಲಿ ಮರಿಗಳನ್ನು ಮನೆಯಲ್ಲಿಟ್ಟು ನೋಡಿಕೊಂಡು ಬೇರೆ ಮನೆಗಳಿಗೆ ಕೊಡುತ್ತಾ ಬಂದಿದ್ದೇನೆ. ಬೆಕ್ಕಿನ ಬಗ್ಗೆ ಎಲ್ಲವನ್ನೂ ಮೊದಲೇ ಹೇಳಿ ಕೊಟ್ಟ ಕಡೆ ಅದು ಉಳಿಯುತ್ತದೆ. ಮುಚ್ಚಿಟ್ಟು ಕೊಟ್ಟ ಕಡೆಯಿಂದ ವಾಪಸ್ ಬರುತ್ತದೆ, ಇಲ್ಲವೇ ಕಾಣೆಯಾಗುತ್ತದೆ.

ಇದಕ್ಕೆ ನಿಜವಾಗಿ ಮನೆ ಬೇಕಾ?

ಬೀದಿಯಲ್ಲಿ ಕಂಡ ಬೆಕ್ಕೆಲ್ಲ ದಿಕ್ಕಿಲ್ಲದ್ದು ಅಲ್ಲ. ನಮ್ಮ ಬಡಾವಣೆಗಳಲ್ಲಿ ಒಂದೇ ಬೆಕ್ಕು ಮೂರು ಮನೆಯಲ್ಲಿ ಮೂರು ಹೆಸರಿಗೆ ಓಗೊಟ್ಟು ಊಟ ಮಾಡುತ್ತಿರುತ್ತದೆ. ಮೈತುಂಬಿಕೊಂಡ, ಮನುಷ್ಯರ ಹತ್ತಿರ ಬರುವ ಬೆಕ್ಕಾದರೆ ಒಂದು ಕಾಗದದ ಪಟ್ಟಿಯಲ್ಲಿ "ಈ ಬೆಕ್ಕು ನಿಮ್ಮದಾ? ದಯವಿಟ್ಟು ಫೋನ್ ಮಾಡಿ" ಅಂತ ನಂಬರ್ ಬರೆದು, ಕುತ್ತಿಗೆಗೆ ಸಡಿಲವಾಗಿ ಸುತ್ತಿ ಅಂಟಿಸಿ ಬಿಡಿ. ಕಾಗದವೇ ಇರಲಿ, ಎಲ್ಲಾದರೂ ಸಿಕ್ಕಿಕೊಂಡರೆ ಹರಿದುಹೋಗಬೇಕು. ದಾರ ಕಟ್ಟಬೇಡಿ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ, ಹಾಲಿನ ಬೂತಿನಲ್ಲಿ, ಹತ್ತಿರದ ಪಶುವೈದ್ಯರ ಬಳಿ ಕೇಳಿ. ಒಂದು ಕಿವಿಯ ತುದಿ ನೇರವಾಗಿ ಕತ್ತರಿಸಿದಂತಿದ್ದರೆ ಅದಕ್ಕೆ ಸಂತಾನಹರಣ ಆಪರೇಷನ್ ಆಗಿದೆ, ಯಾರೋ ನೋಡಿಕೊಳ್ಳುತ್ತಿದ್ದಾರೆ ಅಂತ ಅರ್ಥ.

ಮರಿಗಳ ವಿಷಯದಲ್ಲಂತೂ ಅವಸರ ಬೇಡವೇ ಬೇಡ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತೆ ಅಂತ ಹಿರಿಯರು ಹೇಳುತ್ತಾರಲ್ಲ, ತಾಯಿ ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿ ಸಾಗಿಸುವಾಗ ಮಿಕ್ಕವು ಒಂಟಿಯಾಗಿ ಕಾಣುತ್ತವೆ. ದೂರ ನಿಂತು ಕೆಲವು ಗಂಟೆ ಗಮನಿಸಿ. ಮರಿಗಳ ಹೊಟ್ಟೆ ತುಂಬಿದ್ದು, ಮೈ ಬೆಚ್ಚಗಿದ್ದು, ಸುಮ್ಮನೆ ಮಲಗಿದ್ದರೆ ತಾಯಿ ಬಂದು ಹೋಗುತ್ತಿದ್ದಾಳೆ. ಎಂಟು ವಾರದವರೆಗೆ ಅವು ತಾಯಿಯ ಜೊತೆಗೇ ಇರಲಿ. ಆಮೇಲೆ ಮರಿಗಳಿಗೆ ಮನೆ ಹುಡುಕಿ, ತಾಯಿಗೆ ಆಪರೇಷನ್ ಮಾಡಿಸಿ. ತಾಯಿಗೆ ಆಪರೇಷನ್ ಆಗದಿದ್ದರೆ ಕೆಲವೇ ತಿಂಗಳಲ್ಲಿ ಅದೇ ಮೂಲೆಯಲ್ಲಿ ಮತ್ತೆ ಮರಿಗಳಿರುತ್ತವೆ. ಬೆಕ್ಕಿನ ಗರ್ಭ ಬರೀ ಒಂಬತ್ತು ವಾರದ್ದು.

ತಾಯಿ ಸತ್ತಿದೆ ಅಂತ ಖಚಿತವಾದರೆ ಮೊದಲು ಮರಿಯನ್ನು ಬೆಚ್ಚಗೆ ಮಾಡಿ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮೈ ತಣ್ಣಗಿರುವ ಮರಿಗೆ ಹಾಲು ಕುಡಿಸಿದರೆ ಜೀರ್ಣವಾಗುವುದಿಲ್ಲ, ಸತ್ತೇ ಹೋಗಬಹುದು. ಹಸುವಿನ ಹಾಲು ಕೊಡಬೇಡಿ, ಭೇದಿ ಶುರುವಾಗುತ್ತದೆ. ಬೆಕ್ಕಿನ ಮರಿಗೆ ಅಂತಲೇ ಬರುವ ಹಾಲಿನ ಪುಡಿ ಪೆಟ್ ಶಾಪ್‌ಗಳಲ್ಲಿ ಸಿಗುತ್ತದೆ. ಕಣ್ಣು ಬಿಡದ ಮರಿಗೆ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ಕುಡಿಸಬೇಕು. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗೆ ಮಾಡಿಯೇ ಕುಡಿಸಿ. ಆಮೇಲೆ ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿ ಉಚ್ಚೆ ಮಾಡಿಸಬೇಕು.

ಇನ್ನು, ಮನುಷ್ಯರನ್ನು ಕಂಡರೆ ಓಡುವ, ಹಿಡಿದರೆ ಪರಚುವ ದೊಡ್ಡ ಬೆಕ್ಕು. ಎರಡರಿಂದ ಏಳು ವಾರದ ವಯಸ್ಸಿನಲ್ಲಿ ಮನುಷ್ಯರ ಕೈ ಮುಟ್ಟದೆ ಬೆಳೆದದ್ದು ಆಮೇಲೆ ಮನೆಯೊಳಗೆ ಒಗ್ಗುವುದು ತೀರಾ ಕಷ್ಟ. ಅದಕ್ಕೆ ಆಪರೇಷನ್ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡುವುದು ಸರಿ. ಆ ಜಾಗದಲ್ಲಿ ಇರಲು ಸಾಧ್ಯವೇ ಇಲ್ಲದಿದ್ದರೆ ಮಲೆನಾಡಿನ ತೋಟದ ಮನೆ, ಅಕ್ಕಿ ಗಿರಣಿ, ಕೊಟ್ಟಿಗೆ ಇರುವ ಕಡೆ ಕೇಳಿ ನೋಡಿ. ಇಲಿ ಕಾಟ ಇರುವವರಿಗೆ ಬೆಕ್ಕು ಬೇಕಿರುತ್ತದೆ. "ಇಲಿ ಹಿಡಿಯುತ್ತಲ್ಲ, ಊಟ ಯಾಕೆ" ಅನ್ನುವವರಿಗೆ ಮಾತ್ರ ಕೊಡಬೇಡಿ. ಇಲಿ ಪಾಷಾಣ ಇಡುವ ಮನೆಗೂ ಬೇಡ, ವಿಷ ತಿಂದ ಇಲಿಯನ್ನು ತಿಂದರೆ ಬೆಕ್ಕೂ ಸಾಯುತ್ತದೆ.

ಹಿಡಿಯುವಾಗ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದರ ಲಸಿಕೆ ಹಾಕುತ್ತಾರೆ.

ನೀವೇ ಸಾಕಿದ ಬೆಕ್ಕಾದರೆ

ಕೊಡಲೇಬೇಕು ಅನ್ನುವ ಕಾರಣ ಸರಿಪಡಿಸಬಹುದಾದದ್ದಾ ಅಂತ ಒಮ್ಮೆ ನೋಡಿ. ಗಂಡು ಬೆಕ್ಕು ಗೋಡೆ, ಪರದೆಗೆಲ್ಲ ಉಚ್ಚೆ ಚಿಮ್ಮಿಸುತ್ತದೆ ಅನ್ನುವುದು ಸಾಮಾನ್ಯ ದೂರು. ಆಪರೇಷನ್ ಮಾಡಿಸಿದರೆ ಬಹುಪಾಲು ಬೆಕ್ಕುಗಳಲ್ಲಿ ಇದು ನಿಲ್ಲುತ್ತದೆ. ಇದ್ದಕ್ಕಿದ್ದಂತೆ ಟ್ರೇ (ಬೆಕ್ಕು ಮಲಮೂತ್ರ ಮಾಡಲು ಮರಳು ತುಂಬಿಡುವ ತಟ್ಟೆ) ಬಿಟ್ಟು ಹೊರಗೆ ಉಚ್ಚೆ ಮಾಡುತ್ತಿದ್ದರೆ ಮೂತ್ರಕೋಶದ ತೊಂದರೆ ಇರಬಹುದು. ಗಂಡು ಬೆಕ್ಕು ತಿಣುಕುತ್ತಾ ಕೂತಿದ್ದು ಉಚ್ಚೆ ಬಾರದಿದ್ದರೆ ಅವತ್ತೇ ವೈದ್ಯರ ಬಳಿ ಒಯ್ಯಿರಿ, ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ.

ಮನೆಯಲ್ಲಿ ಬಸುರಿ ಇದ್ದಾರೆ ಅಂತ ಬೆಕ್ಕನ್ನು ಹೊರಗೆ ಹಾಕಿಸುವ ಅತ್ತೆ ಮಾವ, ಅಕ್ಕಪಕ್ಕದವರು ತುಂಬಾ ಇದ್ದಾರೆ. ಅವರ ಭಯ ಟಾಕ್ಸೋಪ್ಲಾಸ್ಮಾ ಅನ್ನುವ ಪರಾವಲಂಬಿಯದ್ದು. ಅದು ಬೆಕ್ಕಿನ ಮಲದಲ್ಲಿ ಬಂದರೂ ಸೋಂಕು ಹರಡುವ ಶಕ್ತಿ ಪಡೆಯಲು ಒಂದರಿಂದ ಐದು ದಿನ ಬೇಕು. ದಿನಾ ಟ್ರೇ ತೆಗೆದರೆ, ಆ ಕೆಲಸವನ್ನು ಮನೆಯ ಬೇರೆಯವರು ಮಾಡಿದರೆ, ತರಕಾರಿ ಚೆನ್ನಾಗಿ ತೊಳೆದು ಮಾಂಸ ಪೂರ್ತಿ ಬೇಯಿಸಿದರೆ ಬೆಕ್ಕನ್ನು ಕಳಿಸುವ ಅಗತ್ಯವಿಲ್ಲ. ಹೆರಿಗೆ ವೈದ್ಯರ ಜೊತೆ ಮಾತಾಡಿ, ಅವರ ಬಾಯಿಂದ ಮನೆಯವರೂ ಕೇಳಲಿ.

ವಿದೇಶಕ್ಕೆ ಹೋಗುತ್ತಿದ್ದೇವೆ, ತೀವ್ರ ಅಲರ್ಜಿ, ಸಾಕಿದ ಅಜ್ಜಿ ತೀರಿಕೊಂಡರು, ಬಾಡಿಗೆ ಮನೆಯವರು ಒಪ್ಪುತ್ತಿಲ್ಲ. ಇಂಥ ಕಾರಣಗಳೂ ನಿಜವೇ. ಕೊಡುವವರ ಬಗ್ಗೆ ಕೆಟ್ಟದಾಗಿ ಮಾತಾಡುವವರಿಗೆ ಕಿವಿಗೊಡಬೇಡಿ. ಆದರೆ ತಿಂಗಳುಗಳ ಮುಂಚೆಯೇ ಹುಡುಕಾಟ ಶುರು ಮಾಡಿ.

ಕೊಡುವ ಮುಂಚೆ ವೈದ್ಯರ ಬಳಿ

ಬೀದಿಯಿಂದ ತಂದ ಬೆಕ್ಕನ್ನು ಎರಡು ವಾರ ಒಂದು ಕೋಣೆಯಲ್ಲೋ ಬಾತ್‌ರೂಮಿನಲ್ಲೋ ಬೇರೆ ಇಡಿ. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಇದು ಕಡ್ಡಾಯ. ಪ್ಯಾನ್‌ಲ್ಯೂಕೋಪೀನಿಯಾ ಅನ್ನುವ ರೋಗ ಮರಿಗಳನ್ನು ಎರಡು ಮೂರು ದಿನದಲ್ಲಿ ಮುಗಿಸಿಬಿಡುತ್ತದೆ. ಅದರ ವೈರಸ್ ಬಟ್ಟೆ, ಬಟ್ಟಲು, ಚಪ್ಪಲಿಯ ಮೂಲಕವೂ ಹರಡುತ್ತದೆ, ತಿಂಗಳುಗಟ್ಟಲೆ ಸಾಯುವುದಿಲ್ಲ. ನೆಲಕ್ಕೆ ನೀರು ಬೆರೆಸಿದ ಬ್ಲೀಚ್ ಹಾಕಿ ಒರೆಸಿ, ಒಣಗಿದ ಮೇಲೆ ಬೆಕ್ಕನ್ನು ಬಿಡಿ. ಫಿನೈಲ್ ಬೇಡ, ಅದರ ವಾಸನೆಯ ಹಿಂದಿರುವ ರಾಸಾಯನಿಕ ಬೆಕ್ಕಿಗೆ ವಿಷ.

ವಯಸ್ಸು ಅಂದಾಜು ಮಾಡುವುದು ಕಷ್ಟವಲ್ಲ. ಒಂದರಿಂದ ಎರಡು ವಾರದೊಳಗೆ ಕಣ್ಣು ಬಿಡುತ್ತದೆ, ಮೂರು ನಾಲ್ಕು ವಾರಕ್ಕೆ ಹಾಲುಹಲ್ಲು ಕಾಣುತ್ತದೆ, ಎರಡು ತಿಂಗಳಿಗೆ ಸುಮಾರು 900 ಗ್ರಾಂ ತೂಗುತ್ತದೆ. ಎಂಟು ಒಂಬತ್ತು ವಾರಕ್ಕೆ ಮೊದಲ ಲಸಿಕೆ (ಕ್ಲಿನಿಕ್‌ಗಳಲ್ಲಿ ಟ್ರೈಕ್ಯಾಟ್ ಅಂತ ಕೇಳಿದರೆ ಗೊತ್ತಾಗುತ್ತದೆ), ಮೂರು ನಾಲ್ಕು ವಾರ ಬಿಟ್ಟು ಇನ್ನೊಂದು, ಮೂರು ತಿಂಗಳು ತುಂಬಿದ ಮೇಲೆ ರೇಬೀಸ್ ಲಸಿಕೆ. ಜಂತುಹುಳದ ಔಷಧಿಯನ್ನು ತೂಕ ನೋಡಿ ವೈದ್ಯರೇ ಹೇಳಲಿ. ಮನೆಯಲ್ಲಿರುವ ಪ್ಯಾರಾಸಿಟಮಾಲ್ ಚೂರು ಮಾಡಿ ಕೊಡಬೇಡಿ, ಬೆಕ್ಕನ್ನು ಅದು ಕೊಲ್ಲುತ್ತದೆ. ನಾಯಿಗೆ ಹಚ್ಚುವ ಚಿಗಟದ ಔಷಧಿಯೂ ಹಾಗೇ, ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ಫಿಟ್ಸ್ ಬರುತ್ತದೆ.

ಸಂತಾನಹರಣ ಆಪರೇಷನ್ ಮಾಡಿಸಿಯೇ ಕೊಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು. "ಆಮೇಲೆ ಮಾಡಿಸ್ತೀವಿ" ಅಂದವರಲ್ಲಿ ಎಷ್ಟೋ ಜನ ಮಾಡಿಸುವುದಿಲ್ಲ. ಪರ್ಷಿಯನ್ ಬೆಕ್ಕಾದರೆ ಇದು ಇನ್ನೂ ಮುಖ್ಯ. ಪುಕ್ಕಟೆ ಪರ್ಷಿಯನ್ ಅಂದ ಕೂಡಲೇ ಮರಿ ಮಾಡಿಸಿ ಮಾರುವವರು ಸಾಲುಗಟ್ಟಿ ಫೋನ್ ಮಾಡುತ್ತಾರೆ. ಆಪರೇಷನ್ ಆಗಿದೆ ಅಂದ ಕ್ಷಣ ಫೋನ್ ಇಡುತ್ತಾರೆ. ಮರಿ ತೀರಾ ಚಿಕ್ಕದಾಗಿದ್ದರೆ ಆಪರೇಷನ್ ಖರ್ಚನ್ನು ನಿಮ್ಮ ವೈದ್ಯರಿಗೇ ಮುಂಗಡ ಕೊಟ್ಟು, ದಿನಾಂಕ ಬರೆಸಿ, ಆ ಚೀಟಿಯ ಜೊತೆಗೆ ಕೊಡಿ.

ಬೆಕ್ಕಿನ ಬಗ್ಗೆ ಇರುವುದನ್ನು ಇದ್ದ ಹಾಗೆ ಬರೆಯಿರಿ

"ಮುದ್ದಾದ ಬೆಕ್ಕು, ಮನೆ ಬೇಕು" ಅಂತಷ್ಟೇ ಹಾಕಿದರೆ ಲೈಕ್ ಬರುತ್ತವೆ, ಮನೆ ಸಿಗುವುದಿಲ್ಲ. ಕೆಲವು ದಿನ ಅದರ ಸ್ವಭಾವ ಗಮನಿಸಿ ಹೀಗೆ ಬರೆಯಿರಿ:

"ಹೆಣ್ಣು ಬೆಕ್ಕು, ಸುಮಾರು ಎರಡು ವರ್ಷ. ಬೂದು ಬಣ್ಣ, ಕಪ್ಪು ಪಟ್ಟೆ. ಆಪರೇಷನ್ ಮತ್ತು ಲಸಿಕೆ ಆಗಿದೆ, ಚೀಟಿ ಇದೆ. ಟ್ರೇ ಬಳಸುತ್ತದೆ. ಎತ್ತಿಕೊಂಡರೆ ಇಷ್ಟವಿಲ್ಲ, ಆದರೆ ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತದೆ. ನಾಯಿ ಕಂಡರೆ ಭಯ. ಗಲಾಟೆ ಕಡಿಮೆ ಇರುವ ಮನೆ ಬೇಕು. ಬಾಲ್ಕನಿಗೆ ಬಲೆ ಇರಲೇಬೇಕು. ಬಸವನಗುಡಿ ಸುತ್ತಮುತ್ತ."

ಎತ್ತಿಕೊಂಡರೆ ಇಷ್ಟವಿಲ್ಲ ಅಂತ ಬರೆದರೆ ಯಾರೂ ಬರಲ್ಲ ಅನ್ನಿಸಬಹುದು. ಕಡಿಮೆ ಜನ ಬರುತ್ತಾರೆ, ನಿಜ. ಬಂದವರು ಇಂಥ ಬೆಕ್ಕೇ ಬೇಕು ಅಂತ ಬಂದಿರುತ್ತಾರೆ. ಒಂದು ಕಣ್ಣು ಕಾಣುವುದಿಲ್ಲ, ಮೂರು ಕಾಲು, ವಯಸ್ಸಾಗಿದೆ ಅನ್ನುವುದನ್ನೂ ಮೊದಲ ಸಾಲಿನಲ್ಲೇ ಹೇಳಿ.

ಫೋಟೋವನ್ನು ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೆಲಕ್ಕೆ ಕೂತು ಬೆಕ್ಕಿನ ಕಣ್ಣಿನ ಮಟ್ಟದಿಂದ ತೆಗೆಯಿರಿ. ಆಟ ಆಡುವ ಒಂದು ಚಿಕ್ಕ ವಿಡಿಯೊ ಜೊತೆಗಿರಲಿ. ಕಪ್ಪು ಬೆಕ್ಕಾದರೆ ತಿಳಿ ಬಣ್ಣದ ಬಟ್ಟೆಯ ಮೇಲೆ ಕಿಟಕಿ ಪಕ್ಕ ಕೂರಿಸಿ. ಅಡ್ಡ ಬಂದರೆ ಅಪಶಕುನ ಅನ್ನುವ ಮಾತು ಇನ್ನೂ ಹೋಗಿಲ್ಲ, ಹಾಗಾಗಿ ಕಪ್ಪು ಬೆಕ್ಕಿಗೆ ಮನೆ ಸಿಗುವುದು ನಿಧಾನ. "ಕಪ್ಪು ಬೆಕ್ಕೇ ಬೇಕು, ಇವತ್ತೇ ಬೇಕು" ಅಂತ ಅಮಾವಾಸ್ಯೆ ಹತ್ತಿರ ಅಪರಿಚಿತರು ಕೇಳಿದರೆ ಕೊಡಬೇಡಿ.

ಎಲ್ಲಿ ಕೇಳುವುದು?

ಗೊತ್ತಿರುವವರಿಂದಲೇ ಶುರು ಮಾಡಿ. ಆಫೀಸು, ನೆಂಟರು, ಹಳೆಯ ಸಹಪಾಠಿಗಳ ಗುಂಪು. ಪಶುವೈದ್ಯರ ಕ್ಲಿನಿಕ್‌ನ ಗೋಡೆಗೆ ಒಂದು ಹಾಳೆ ಅಂಟಿಸಲು ಕೇಳಿ. ಇತ್ತೀಚೆಗೆ ಬೆಕ್ಕು ಕಳೆದುಕೊಂಡ ಮನೆಯವರು ಯಾರು ಅಂತ ವೈದ್ಯರಿಗೇ ಗೊತ್ತಿರುತ್ತದೆ. ನನ್ನ ಅನುಭವದಲ್ಲಿ ಒಳ್ಳೆಯ ಮನೆಗಳು ಜಾಸ್ತಿ ಸಿಕ್ಕಿದ್ದು ಹೀಗೆಯೇ. ಆಮೇಲೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನ ದತ್ತು ಪುಟಗಳಿಗೆ ಕಳಿಸಿ.

ಬೆಂಗಳೂರಿನಲ್ಲಿ ಕ್ಯೂಪಾ, ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್‌ನಂಥ, ಪ್ರಾಣಿಗಳನ್ನು ನೋಡಿಕೊಳ್ಳುವ ಸಂಸ್ಥೆಗಳಿವೆ. ಆದರೆ ಮೊದಲು ಫೋನ್ ಮಾಡಿ. ಗಾಯಗೊಂಡ ಪ್ರಾಣಿಗಳಿಂದಲೇ ಅಲ್ಲಿ ಜಾಗ ತುಂಬಿರುತ್ತದೆ, ಆರೋಗ್ಯವಾಗಿರುವ ಬೆಕ್ಕಿಗೆ ಜಾಗ ಸಿಗದಿರಬಹುದು. ತುಂಬಾ ಪ್ರಾಣಿಗಳಿರುವ ಕಡೆ ಲಸಿಕೆ ಆಗದ ಮರಿಗೆ ಸೋಂಕಿನ ಅಪಾಯವೂ ಜಾಸ್ತಿ. "ಬೆಕ್ಕನ್ನು ನಾನೇ ಇಟ್ಟುಕೊಂಡಿರುತ್ತೇನೆ, ನಿಮ್ಮ ದತ್ತು ಪಟ್ಟಿಯಲ್ಲಿ ಹಾಕುತ್ತೀರಾ?" ಅಂತ ಕೇಳಿದರೆ ಸಹಾಯ ಸಿಗುವುದು ಸುಲಭ. ರಾತ್ರಿ ಗೇಟಿನ ಮುಂದೆ ರಟ್ಟಿನ ಡಬ್ಬ ಇಟ್ಟು ಬರುವುದು ಖಂಡಿತ ಬೇಡ.

ಯಾರಿಗೆ ಕೊಡಬೇಕು?

ಪೊಲೀಸರ ವಿಚಾರಣೆ ಥರ ಆಗಬಾರದು. ಕೂತು ಮಾತಾಡಿ. ಈ ಮುಂಚೆ ಬೆಕ್ಕು ಸಾಕಿದ್ದಿರಾ, ಅದಕ್ಕೆ ಏನಾಯಿತು? ಈ ಪ್ರಶ್ನೆಯೊಂದರಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ. ಮನೆಯ ಎಲ್ಲರೂ ಒಪ್ಪಿದ್ದಾರಾ? ಬಾಡಿಗೆ ಮನೆಯಾದರೆ ಮಾಲೀಕರಿಗೆ ಗೊತ್ತಾ? ಹಬ್ಬಕ್ಕೆ ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ? ಪಿಜಿಯಲ್ಲಿರುವ ವಿದ್ಯಾರ್ಥಿಗೆ ಪ್ರೀತಿ ಎಷ್ಟೇ ಇದ್ದರೂ ನಾನು ಕೊಡುವುದಿಲ್ಲ, ಕೋರ್ಸ್ ಮುಗಿದ ಮೇಲೆ ಬೆಕ್ಕು ಎಲ್ಲಿಗೆ ಹೋಗಬೇಕು? ಮಗುವಿನ ಹುಟ್ಟುಹಬ್ಬಕ್ಕೆ ಸರ್‌ಪ್ರೈಸ್ ಅಂತ ಕೇಳುವವರಿಗೂ ಇಲ್ಲ.

ಊಟದ ವಿಷಯ ನೇರವಾಗಿ ಕೇಳಿ. ನಮ್ಮಲ್ಲಿ ಎಷ್ಟೋ ಸಸ್ಯಾಹಾರಿ ಮನೆಗಳು ಬೆಕ್ಕನ್ನು ಪ್ರೀತಿಯಿಂದ ಸಾಕುತ್ತವೆ, ಆದರೆ ಹಾಲು ಅನ್ನ, ಮೊಸರನ್ನ ಮಾತ್ರ ಹಾಕುತ್ತವೆ. ಹಿಂದೆ ಹಳ್ಳಿಯಲ್ಲಿ ಅದು ನಡೆಯಿತು, ಯಾಕೆಂದರೆ ಬೆಕ್ಕು ಹೊರಗೆ ಹೋಗಿ ಇಲಿ, ಹಲ್ಲಿ, ಹಕ್ಕಿ ಹಿಡಿದು ತಿನ್ನುತ್ತಿತ್ತು. ನಾಲ್ಕನೇ ಮಹಡಿಯ ಫ್ಲಾಟಿನಲ್ಲಿ ಬಾಗಿಲು ಹಾಕಿ ಸಾಕಿದ ಬೆಕ್ಕಿಗೆ ಆ ದಾರಿ ಇಲ್ಲ. ಬೆಕ್ಕಿನ ದೇಹಕ್ಕೆ ಟಾರಿನ್ ಅನ್ನುವ ಅಂಶ ಬೇಕೇ ಬೇಕು. ಅದು ಮಾಂಸ, ಮೀನಿನಲ್ಲಿ ಇರುತ್ತದೆ, ಅನ್ನದಲ್ಲಿ ಇಲ್ಲ. ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಹಾಗಂತ ಸಸ್ಯಾಹಾರಿಗಳಿಗೆ ಕೊಡಬಾರದು ಅಂತಲ್ಲ. ಪ್ಯಾಕೆಟ್ಟಿನ ಕ್ಯಾಟ್ ಫುಡ್ ತಂದು, ಅದಕ್ಕೇ ಬೇರೆ ಬಟ್ಟಲು, ಬೇರೆ ಜಾಗ ಮಾಡಿ ಹಾಕುವ ಮನೆಗಳು ಬೇಕಾದಷ್ಟಿವೆ. ಮನೆಯ ಹಿರಿಯರು ಇದಕ್ಕೆ ಒಪ್ಪಿದ್ದಾರಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಬೆಕ್ಕಿಗೆ ಹಾಕಿದ ನಾಯಿ ಆಹಾರದಲ್ಲಿ ಟಾರಿನ್ ಸಾಕಾಗುವುದಿಲ್ಲ ಅನ್ನುವುದನ್ನೂ ಹೇಳಿ.

ಎರಡನೆಯದು ಬಲೆ. ಬೆಕ್ಕು ಎಷ್ಟು ಎತ್ತರದಿಂದ ಬಿದ್ದರೂ ಏನಾಗಲ್ಲ ಅನ್ನುವುದು ಸುಳ್ಳು. ಪಾರಿವಾಳದ ಹಿಂದೆ ನೆಗೆದು ಬಿದ್ದು ದವಡೆ, ಕಾಲು ಮುರಿದುಕೊಂಡ ಬೆಕ್ಕುಗಳನ್ನು ಯಾವ ಕ್ಲಿನಿಕ್‌ನಲ್ಲಿ ಕೇಳಿದರೂ ಹೇಳುತ್ತಾರೆ. ಸೊಳ್ಳೆ ಪರದೆ ಉಗುರಿಗೆ ಹರಿದುಹೋಗುತ್ತದೆ. ಪಾರಿವಾಳ ತಡೆಯಲು ಹಾಕುವ ಗಟ್ಟಿ ನೈಲಾನ್ ಬಲೆ ಬೇಕು. ಬಲೆ ಹಾಕಿದ ಫೋಟೋ ಬಂದ ಮೇಲೆ ಬೆಕ್ಕನ್ನು ಕೊಡಿ.

ಸಾಧ್ಯವಾದರೆ ಅವರ ಮನೆಗೆ ಒಮ್ಮೆ ಹೋಗಿ, ಆಗದಿದ್ದರೆ ವಿಡಿಯೊ ಕಾಲ್‌ನಲ್ಲಿ ಮನೆ ತೋರಿಸಲು ಹೇಳಿ. ವಿಳಾಸ, ಫೋನ್, ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ಬೆಕ್ಕಿನ ವಿವರ, "ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡದೆ ನಿಮಗೇ ವಾಪಸ್ ಕೊಡುತ್ತೇವೆ" ಅನ್ನುವ ಸಾಲು, ಇಬ್ಬರ ಸಹಿ ಇರಲಿ. ಸಹಿ ಹಾಕಲು ಕೋಪ ಮಾಡಿಕೊಳ್ಳುವವರಿಗೆ ನಾನು ಕೊಡುವುದಿಲ್ಲ. ಎರಡು ಮರಿಗಳನ್ನು ಒಟ್ಟಿಗೆ ತೆಗೆದುಕೊಳ್ಳುವವರು ಸಿಕ್ಕರೆ ಬಹಳ ಒಳ್ಳೆಯದು, ಒಂದಕ್ಕೊಂದು ಜೊತೆಯಾಗಿ ಬೇಗ ಒಗ್ಗಿಕೊಳ್ಳುತ್ತವೆ.

ಒಪ್ಪಿಸುವ ದಿನ

ರಜೆಯ ದಿನ ನೋಡಿಕೊಳ್ಳಿ, ಹೊಸ ಮನೆಯಲ್ಲಿ ಒಂದೆರಡು ದಿನ ಯಾರಾದರೂ ಜೊತೆಗಿರಬೇಕು. ದೀಪಾವಳಿಯ ವಾರ ಬೇಡ, ಪಟಾಕಿ ಸದ್ದಿಗೆ ಹೊಸ ಜಾಗದಿಂದ ಓಡಿಹೋದ ಬೆಕ್ಕು ಮತ್ತೆ ಸಿಗುವುದು ಕಷ್ಟ. ಕ್ಯಾರಿಯರ್‌ನಲ್ಲೇ ಒಯ್ಯಿರಿ. ಇಲ್ಲದಿದ್ದರೆ ಮುಚ್ಚಳ ಭದ್ರವಾಗಿರುವ, ಗಾಳಿಯಾಡುವ ಪ್ಲಾಸ್ಟಿಕ್ ಬುಟ್ಟಿ. ಸ್ಕೂಟರಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಬೇಡಿ, ಒಂದು ಹಾರ್ನ್‌ಗೆ ಹಾರಿ ಟ್ರಾಫಿಕ್ ಮಧ್ಯೆ ಬೀಳುತ್ತದೆ. ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಊಟ ನಿಲ್ಲಿಸಿ. ಬುಟ್ಟಿಯ ಮೇಲೆ ತೆಳು ಬಟ್ಟೆ ಹೊದಿಸಿದರೆ ಅದಕ್ಕೆ ಗಾಬರಿ ಕಡಿಮೆ.

ಜೊತೆಗೆ ಲಸಿಕೆ ಚೀಟಿ, ಅದು ತಿನ್ನುತ್ತಿದ್ದ ಆಹಾರ ಒಂದು ವಾರಕ್ಕಾಗುವಷ್ಟು, ಮಲಗುತ್ತಿದ್ದ ಹಳೆಯ ಬಟ್ಟೆ (ಒಗೆಯದೆ), ಅದರ ಟ್ರೇಯಿಂದ ಒಂದು ಹಿಡಿ ಮರಳು ಕಳಿಸಿ. ಪರಿಚಿತ ವಾಸನೆ ಇದ್ದರೆ ಬೇಗ ಧೈರ್ಯ ಬರುತ್ತದೆ.

ಹೊಸ ಮನೆಯವರಿಗೆ ಹೇಳಿಕೊಡಬೇಕಾದದ್ದು

ಮೊದಲ ಕೆಲವು ದಿನ ಒಂದೇ ಕೋಣೆ. ಒಳಗೆ ಟ್ರೇ, ನೀರು, ಊಟ, ಅಡಗಿಕೊಳ್ಳಲು ಒಂದು ರಟ್ಟಿನ ಡಬ್ಬ. ಮಂಚದ ಕೆಳಗೆ ಸೇರಿಕೊಂಡರೆ ಎಳೆಯಬೇಡಿ. ನೆಂಟರು, ಅಕ್ಕಪಕ್ಕದ ಮಕ್ಕಳು ನೋಡಲು ಬರುವುದು ಒಂದು ವಾರ ತಡೆದುಕೊಳ್ಳಲಿ. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಮೊದಲು ಬಾಗಿಲ ಎರಡು ಬದಿಯಿಂದ ವಾಸನೆಯ ಪರಿಚಯ, ಆಮೇಲೆ ಮುಖಾಮುಖಿ. ಟ್ರೇಗಳ ಸಂಖ್ಯೆ ಬೆಕ್ಕುಗಳಿಗಿಂತ ಒಂದು ಜಾಸ್ತಿ ಇರಲಿ.

ಹೊರಗೆ ಬಿಟ್ಟು ಸಾಕುವ ಹಳ್ಳಿಮನೆಯಾದರೂ ಮೂರು ನಾಲ್ಕು ವಾರ ಒಳಗೇ ಇಡಬೇಕು. ಮೊದಲ ದಿನವೇ ಬಿಟ್ಟರೆ ಅದು ಹಳೆಯ ಮನೆ ಹುಡುಕಿಕೊಂಡು ಹೊರಡುತ್ತದೆ, ದಾರಿಯಲ್ಲಿ ಕಳೆದುಹೋಗುತ್ತದೆ. ಆಮೇಲೂ ಊಟಕ್ಕೆ ಸ್ವಲ್ಪ ಮುಂಚೆ, ಹಸಿದಿರುವಾಗ ಬಿಡಿ, ಕರೆದರೆ ಬರುತ್ತದೆ.

ಒಂದು ದಿನ ಊಟ ಬಿಡುವುದು ಸಾಮಾನ್ಯ. ದೊಡ್ಡ ಬೆಕ್ಕು ಎರಡು ದಿನವಾದರೂ ಏನೂ ತಿನ್ನದಿದ್ದರೆ ವೈದ್ಯರ ಬಳಿ ಹೋಗಲೇಬೇಕು, ಉಪವಾಸದಿಂದ ಬೆಕ್ಕಿನ ಲಿವರ್ ಕೆಡುತ್ತದೆ. ಮರಿಯಾದರೆ ಒಂದು ದಿನವೂ ಕಾಯಬೇಡಿ.

ನೀವು ಮೂರನೇ ದಿನ ಒಮ್ಮೆ, ಎರಡು ವಾರಕ್ಕೆ ಒಮ್ಮೆ, ಆಮೇಲೆ ಮುಂದಿನ ಲಸಿಕೆಯ ಸಮಯಕ್ಕೆ ಫೋನ್ ಮಾಡಿ. "ಹೇಗಿದೆ?" ಅಂದರೆ "ಚೆನ್ನಾಗಿದೆ" ಅನ್ನುತ್ತಾರೆ ಅಷ್ಟೇ. "ಎಲ್ಲಿ ಮಲಗುತ್ತೆ? ಟ್ರೇ ಬಳಸ್ತಿದೆಯಾ? ಒಂದು ಫೋಟೋ ಕಳಿಸ್ತೀರಾ?" ಅಂತ ಕೇಳಿ. ತೊಂದರೆ ಇದ್ದರೆ ಇಂಥ ಮಾತಿನಲ್ಲಿ ಹೊರಬರುತ್ತದೆ, ಎಷ್ಟೋ ಸಲ ಟ್ರೇ ಜಾಗ ಬದಲಿಸಿದರೆ ಸಾಕಾಗುತ್ತದೆ. ಆದರೂ ಹೊಂದಿಕೆಯಾಗಲಿಲ್ಲ ಅಂದರೆ ಬೈಯದೆ ಬೆಕ್ಕನ್ನು ವಾಪಸ್ ತನ್ನಿ. ಬೈದರೆ ಮುಂದಿನ ಸಲ ಅವರು ನಿಮಗೆ ಹೇಳದೆ ಎಲ್ಲೋ ಬಿಟ್ಟುಬಿಡುತ್ತಾರೆ. ಯಾಕೆ ಹೊಂದಲಿಲ್ಲ ಅನ್ನುವುದನ್ನು ಕೇಳಿ ತಿಳಿದು, ಆ ಸಾಲನ್ನೂ ಸೇರಿಸಿ ಪ್ರಕಟಣೆಯನ್ನು ಮತ್ತೆ ಹಾಕಿ.